ಕುಗ್ಗುವ ಬಟ್ಟೆ ಕೊಡಿ

2022ರ ಆಗಸ್ಟ್ ತಿಂಗಳು. ಕೋವಿಡ್ ಕಾಲದಲ್ಲಿ ಬೀಗ ಬಿದ್ದಿದ್ದ ಸಭಾಂಗಣಗಳು ತೆರೆದು, ನೃತ್ಯ ತರಗತಿಗಳಿಗೆ ಮಕ್ಕಳು ಮರಳಿ ಬರತೊಡಗಿದ್ದರು. ಕಾಪು ಪೇಟೆಯಲ್ಲಿ ನೃತ್ಯದ ಉಡುಪು ಹೊಲಿಯುವ ನನ್ನ ಅಂಗಡಿಗೆ ಆಗ ಇಪ್ಪತ್ತಾರು ವರ್ಷ. ನಾನು ಹುಟ್ಟಿದ್ದು ಶಿರ್ವದಲ್ಲಿ, ಮದುವೆಯಾಗಿ ಕಾಪುವಿಗೆ ಬಂದವಳು. ಹೊಲಿಗೆ ಕಲಿತದ್ದು ಇಗರ್ಜಿಯ, ಅಂದರೆ ನಮ್ಮ ಚರ್ಚಿನ, ಪಕ್ಕದ ತರಗತಿಯಲ್ಲಿ, ಮದುಮಗಳ ಬಿಳಿ ಗೌನುಗಳನ್ನು ಹೊಲಿಯುತ್ತಾ. ಪಕ್ಕದ ಮನೆಯ ಹುಡುಗಿಗೆ ಶಾಲೆಯ ಕಾರ್ಯಕ್ರಮಕ್ಕೆಂದು ಒಂದು ಭರತನಾಟ್ಯದ ಉಡುಪು ಹೊಲಿದುಕೊಟ್ಟದ್ದೇ ನೆಪವಾಗಿ ಅದೇ ನನ್ನ ಕಸುಬಾಯಿತು. ಕಣ್ಣು ಮಂಜಾಗತೊಡಗಿದ ಮೇಲೆ, ಕಳೆದ ವರ್ಷ, ಅಂಗಡಿಯನ್ನು ನನ್ನ ಜೊತೆ ಹದಿನೈದು ವರ್ಷ ಕೈ ಕೂಡಿಸಿದ ಜಯಂತಿಗೆ ಒಪ್ಪಿಸಿದ್ದೇನೆ. ಇಷ್ಟು ವರ್ಷಗಳ ಕೆಲಸದಲ್ಲಿ ಬರೆದಿಡಬೇಕು ಅನಿಸುವುದು ಒಂದೇ ಒಂದು ಉಡುಪಿನ ಬಗ್ಗೆ. ಅದು ಕಾರ್ಕಳದ ನಿರೀಕ್ಷಾಳದ್ದು.

ಓದುವವರಿಗೆ ಈ ಉಡುಪಿನ ರಚನೆ ಸ್ವಲ್ಪ ತಿಳಿದಿರಬೇಕು. ಭರತನಾಟ್ಯದ ಉಡುಪು ನೋಡಲು ಸೀರೆ ಉಟ್ಟಂತೆ ಕಂಡರೂ ಅದು ಐದಾರು ಬಿಡಿ ತುಂಡುಗಳ ಹೊಲಿಗೆ. ರವಿಕೆ, ಪೈಜಾಮ, ಎದುರಿಗೆ ಬೀಸಣಿಗೆಯಂತೆ ಬಿಚ್ಚಿಕೊಳ್ಳುವ ನೆರಿಗೆ (ಇದನ್ನು ನಾವು ಫ್ಯಾನ್ ಎನ್ನುತ್ತೇವೆ), ಹಿಂದಿನ ತುಂಡು, ಮೇಲಿನ ಸೆರಗು, ಸೊಂಟದ ಪಟ್ಟಿ. ಹೊರಗೆ ಕಾಣುವುದು ಐದೂವರೆ ಮೀಟರ್ ರೇಷ್ಮೆ ಸೀರೆ. ಅದರ ಒಳಗೆ ಸುಮಾರು ಅಷ್ಟೇ ಉದ್ದದ ಲೈನಿಂಗ್ ಬಟ್ಟೆ ಇರುತ್ತದೆ. ಫ್ಯಾನ್ ಮತ್ತು ಸೊಂಟದ ಪಟ್ಟಿ ಗಟ್ಟಿಯಾಗಿ ನಿಲ್ಲಲಿ ಎಂದು ಗಂಜಿ, ಅಂಟು ಹಾಕಿದ ಬಕ್ರಮ್ ಎಂಬ ದಪ್ಪ ಬಟ್ಟೆಯನ್ನೂ ಇಡುತ್ತೇವೆ.

ಕತ್ತರಿಸುವ ಮೊದಲು ಬಟ್ಟೆಯನ್ನು ತೊಳೆಯಬೇಕು, ಅಂದರೆ ಪ್ರೀವಾಶ್ ಮಾಡಬೇಕು. ರೇಷ್ಮೆ ತುಸು ಕುಗ್ಗುತ್ತದೆ, ಜರಿಯ ಅಂಚು ಕುಗ್ಗುವುದಿಲ್ಲ. ತೊಳೆಯದೆ ಹೊಲಿದರೆ ನಾಲ್ಕು ಕಾರ್ಯಕ್ರಮಗಳ ಬೆವರು ಕುಡಿದ ಮೇಲೆ ಅಂಚು ಸುಕ್ಕುಗಟ್ಟಿ ಎದ್ದು ನಿಲ್ಲುತ್ತದೆ. ಬಣ್ಣ ಬಿಡುವುದಿದ್ದರೆ ಅದೂ ಮೊದಲೇ ತಿಳಿಯಬೇಕು. ಅದಕ್ಕೆ ನಾನು ಪ್ರತಿ ಸೀರೆಯ ಮೂಲೆಯನ್ನು ತಣ್ಣೀರಿನಲ್ಲಿ ಅದ್ದಿ ಬಿಳಿ ಬಟ್ಟೆಗೆ ಒತ್ತಿ ನೋಡುತ್ತಿದ್ದೆ. ಆಮೇಲೆ ಇಡೀ ಸೀರೆಯನ್ನು ಒಂದೆರಡು ಹನಿ ಶಾಂಪೂ ಹಾಕಿದ ನೀರಿನಲ್ಲಿ ಆಡಿಸಿ, ಹಿಂಡದೆ ನೆರಳಲ್ಲಿ ಹರವಿ, ತೇವ ಇರುವಾಗಲೇ ಹಿಂಬದಿಯಿಂದ ಇಸ್ತ್ರಿ ಹಾಕುತ್ತಿದ್ದೆ. ಈ ವಿಷಯದಲ್ಲಿ ನನ್ನ ಹೆಸರು ಚೆನ್ನಾಗಿಯೇ ಇತ್ತು. ನನ್ನ ಅಂಗಡಿಯ ಉಡುಪು ಬಣ್ಣ ಬಿಟ್ಟದ್ದಿಲ್ಲ, ಅಂಚು ಎದ್ದದ್ದಿಲ್ಲ.

ಆಗಸ್ಟ್‌ನ ಒಂದು ಶನಿವಾರ ಬೆಳಿಗ್ಗೆ ನಿರೀಕ್ಷಾ ಅಂಗಡಿಗೆ ಬಂದಳು. ಇಪ್ಪತ್ತಮೂರರ ಹುಡುಗಿ. ಫಿಸಿಯೋಥೆರಪಿ ಓದಿ ಮಣಿಪಾಲದಲ್ಲಿ ಆಗಷ್ಟೇ ಕೆಲಸಕ್ಕೆ ಸೇರಿದ್ದಳು. ಕಾರ್ಕಳದ ವಸಂತಿ ಟೀಚರ್ ಕಳಿಸಿದ್ದಾರೆ ಎಂದಳು. ಟೀಚರ್ ನನ್ನ ಹಳೆಯ ಗಿರಾಕಿ, ತಮ್ಮ ನೃತ್ಯದ ವಿದ್ಯಾರ್ಥಿನಿಯರನ್ನೆಲ್ಲ ನನ್ನಲ್ಲಿಗೇ ಕಳಿಸುವವರು. ಜನವರಿಯಲ್ಲಿ ಉಡುಪಿಯಲ್ಲಿ ಇವಳ ರಂಗಪ್ರವೇಶ, ಒಬ್ಬಳೇ ಇಡೀ ಸಂಜೆ ಕುಣಿಯುವ ಮೊದಲ ಕಾರ್ಯಕ್ರಮ. ನಾನು ಎಂದಿನಂತೆ ಅಳತೆಯ ಟೇಪು ತೆಗೆದೆ. ಅವಳು ಕುಳಿತಲ್ಲಿಂದ ಏಳಲಿಲ್ಲ. ಮೊದಲು ಒಂದು ವಿಷಯ ಹೇಳಬೇಕು ಎಂದಳು.

ತನ್ನ ಮೊದಲ ಉಡುಪು ಹೊಲಿದವಳೂ ನಾನೇ ಎಂದು ನೆನಪಿಸಿದಳು. ಆಗ ಅವಳಿಗೆ ಹದಿಮೂರು ವರ್ಷ. ಕಾರ್ಕಳದಲ್ಲಿ ಟೀಚರ್ ಅವರ ತರಗತಿಯ ವಾರ್ಷಿಕೋತ್ಸವ. ಎರಡು ದಿನ ಮೊದಲು ಉಡುಪು ಹಾಕಿ ಮೂರು ಗಂಟೆ ಪೂರ್ವಾಭ್ಯಾಸ ಮಾಡಿದ್ದರು. ಮರುದಿನ ಸೊಂಟದ ಸುತ್ತ ತುರಿಕೆ ಶುರುವಾಯಿತು. ಕಾರ್ಯಕ್ರಮದ ದಿನ ಅದೇ ಉಡುಪನ್ನು ಮತ್ತೆ ಹಾಕಿದಾಗ ಮೈ ಬೆಂಕಿಯಾಯಿತು. ಎರಡನೇ ನೃತ್ಯದ ನಡುವೆ ಅವಳು ವೇದಿಕೆಯಿಂದ ಇಳಿದು ಹೋದಳು. ಬಿಚ್ಚಿ ನೋಡಿದರೆ ಕೆಂಪು ಗುಳ್ಳೆಗಳು, ಕೆಲವು ಒಡೆದು ನೀರು ಸುರಿಯುತ್ತಿತ್ತು.

ಊರಿನಲ್ಲಿ ಒಬ್ಬೊಬ್ಬರು ಒಂದೊಂದು ಹೇಳಿದರು. ಮೇಕಪ್ಪು ಎಂದರು, ಸೆಕೆ ಎಂದರು, ದೃಷ್ಟಿ ಎಂದರು. ಹುಡುಗಿಗೆ ವೇದಿಕೆಯ ಹೆದರಿಕೆ, ಅದು ಮೈಮೇಲೆ ಏಳುತ್ತದೆ ಎಂದರು ಒಬ್ಬರು. ನಾಲ್ಕು ವರ್ಷ ಬಿಟ್ಟು ಬಾಡಿಗೆಯ ಉಡುಪು ಹಾಕಿ ಇನ್ನೊಮ್ಮೆ ಪ್ರಯತ್ನಿಸಿದಳು. ಆಗಲೂ ಅದೇ ಆಯಿತು. ಅಂದಿನಿಂದ ತರಗತಿಯಲ್ಲಿ ಹತ್ತಿಯ ಅಭ್ಯಾಸದ ಸೀರೆ ಉಟ್ಟು ಕುಣಿದದ್ದೇ ಹೊರತು ವೇದಿಕೆ ಹತ್ತಿರಲಿಲ್ಲ. ಟೀಚರ್ ಮಾತ್ರ ಬಿಡಲಿಲ್ಲ. ಇಷ್ಟು ಕಲಿತವಳು ಒಮ್ಮೆಯಾದರೂ ಪೂರ್ತಿ ಮಾರ್ಗ, ಅಂದರೆ ಮೊದಲಿನಿಂದ ಕೊನೆಯವರೆಗಿನ ಎಲ್ಲ ನೃತ್ಯಗಳನ್ನೂ, ಕುಣಿಯಬೇಕು ಎಂದು ಹಠ ಹಿಡಿದಿದ್ದರು.

ಅವಳ ಮಾತಿನಲ್ಲಿ ದೂರು ಇರಲಿಲ್ಲ. ತನ್ನ ಮೈಯೇ ಸರಿ ಇಲ್ಲ ಎಂಬ ನಾಚಿಕೆ ಇತ್ತು. "ನನ್ನ ಮೈಗೆ ಹಿಡಿಸುವಂಥದ್ದು ಏನಾದರೂ ಮಾಡಲಿಕ್ಕೆ ಆಗ್ತದಾ ಆಂಟಿ? ಆಗದಿದ್ದರೆ ಈಗಲೇ ಹೇಳಿ, ನಾನು ಟೀಚರಿಗೆ ಹೇಳಿಬಿಡ್ತೇನೆ" ಎಂದಳು.

ಆ ಹಳೆಯ ಉಡುಪಿನ ಬಗ್ಗೆ ನನಗೆ ನೆನಪಿದ್ದದ್ದು ಎಲ್ಲರೂ ಹೊಗಳಿದ್ದು ಮಾತ್ರ. ಹುಡುಗಿ ಇಳಿದು ಹೋದದ್ದನ್ನು ನನಗೆ ಯಾರೂ ಹೇಳಿರಲಿಲ್ಲ.

ಒಂದು ರಟ್ಟಿನ ಮೇಲೆ ಮನುಷ್ಯರ ಆಕೃತಿ ಬರೆದು, ಎಲ್ಲೆಲ್ಲಿ ಗುಳ್ಳೆ ಎದ್ದಿತ್ತು ಎಂದು ಗುರುತು ಹಾಕಲು ಹೇಳಿದೆ. ಸೊಂಟ, ಕಂಕುಳು, ತೊಡೆಯ ಒಳಭಾಗ, ಮೊಣಕಾಲಿನ ಹಿಂದೆ ಗುರುತು ಬಿತ್ತು. ಮುಖದಲ್ಲಿ ಇರಲಿಲ್ಲ, ಹಾಗಾಗಿ ಮೇಕಪ್ಪು ಅಲ್ಲ. ಕುತ್ತಿಗೆ, ಕಿವಿ, ಕೈಗಳಲ್ಲಿ ಇರಲಿಲ್ಲ, ಹಾಗಾಗಿ ಆಭರಣವೂ ಅಲ್ಲ. ನನ್ನನ್ನು ತಡೆದು ನಿಲ್ಲಿಸಿದ್ದು ಇನ್ನೊಂದು ವಿಷಯ. ರೇಷ್ಮೆಯ ಸೆರಗು ನೇರವಾಗಿ ತಾಗುವ ಭುಜದ ಭಾಗ, ಬೆನ್ನಿನ ಮೇಲ್ಭಾಗ ಎರಡೂ ಶುಭ್ರವಾಗಿದ್ದವು. ಅವಳು ಗುರುತು ಹಾಕಿದ ಎಲ್ಲ ಕಡೆಯಲ್ಲೂ ಮೈಗೆ ತಾಗುವುದು ರೇಷ್ಮೆಯಲ್ಲ, ಲೈನಿಂಗ್.

ಅವಳು ಹೋದ ಮೇಲೆ ಹಳೆಯ ಅಳತೆ ಪುಸ್ತಕಗಳನ್ನು ಇಳಿಸಿದೆ. ಪ್ರತಿ ಉಡುಪಿನ ಅಳತೆಯ ಪಕ್ಕದಲ್ಲಿ ಬಳಸಿದ ಬಟ್ಟೆಗಳ ತುಂಡನ್ನು ಪಿನ್ ಮಾಡಿಡುವುದು ನನ್ನ ಅಭ್ಯಾಸ. ಉಡುಪು ಹರಿದರೆ ತೇಪೆಗೆ ಬಟ್ಟೆ ಹುಡುಕಲು ಅದು ಸುಲಭ. ನಿರೀಕ್ಷಾಳ ಪುಟ ಸಿಕ್ಕಿತು. ಹಸಿರು ರೇಷ್ಮೆಯ ತುಂಡು, ಅದರ ಕೆಳಗೆ ನಾಲ್ಕು ಇಂಚಿನ ಲೈನಿಂಗ್ ತುಂಡು. ಬೆರಳಲ್ಲಿ ಮುಟ್ಟಿದ ಕೂಡಲೇ ಎಲ್ಲ ನೆನಪಾಯಿತು.

ಅಲ್ಲಿಯವರೆಗೆ ನಾನು ಸಾದಾ ಹತ್ತಿಯ ಲೈನಿಂಗ್ ತಂದು, ರಾತ್ರಿಯಿಡೀ ನೆನೆಸಿ, ಒಣಗಿಸಿ ಬಳಸುತ್ತಿದ್ದವಳು. ಮೀಟರಿಗೆ ನಾಲ್ಕು ಸೆಂಟಿಮೀಟರ್ ಕುಗ್ಗುತ್ತಿತ್ತು. ಆ ವರ್ಷ ಬಟ್ಟೆ ಅಂಗಡಿಯವರು ಹೊಸ ಬಗೆಯದ್ದು ತೋರಿಸಿದರು. ನೂಲಿನಲ್ಲಿ ಹತ್ತಿ, ಪಾಲಿಯೆಸ್ಟರ್ ಎರಡೂ ಉಂಟು, ಸುಕ್ಕಾಗುವುದಿಲ್ಲ, ಕುಗ್ಗುವುದಿಲ್ಲ, ನೀರು ತೋರಿಸುವುದೇ ಬೇಡ ಎಂದರು. ಹತ್ತು ಉಡುಪುಗಳ ಅವಸರ ಇತ್ತು, ಅದೂ ಮಳೆಗಾಲ, ಬಟ್ಟೆ ಒಣಗುತ್ತಿರಲಿಲ್ಲ. ಇಡೀ ಥಾನು ತಂದೆ. ಕುಗ್ಗುವುದಿಲ್ಲ ಎಂದ ಮೇಲೆ ತೊಳೆಯುವುದು ಯಾಕೆ ಎಂದುಕೊಂಡೆ. ಅಂದಿನಿಂದ ಹತ್ತು ವರ್ಷ ಅದನ್ನೇ ಬಳಸಿದ್ದೆ. ರೇಷ್ಮೆಯನ್ನು ಮಗುವನ್ನು ಮೀಯಿಸಿದಂತೆ ತೊಳೆಯುತ್ತಿದ್ದವಳು ಲೈನಿಂಗನ್ನು ಅಂಗಡಿಯ ಕಟ್ಟಿನಿಂದ ನೇರವಾಗಿ ಕತ್ತರಿಗೆ ಒಡ್ಡುತ್ತಿದ್ದೆ.

ಮುಂದಿನ ವಾರ ನಿರೀಕ್ಷಾ ಫೋನು ಮಾಡಿದಳು. ಮಣಿಪಾಲದಲ್ಲಿ ಚರ್ಮದ ವೈದ್ಯೆಯೊಬ್ಬರನ್ನು ಕಂಡಿದ್ದಾಳೆ. ಅವರು ಪ್ಯಾಚ್ ಟೆಸ್ಟ್ ಮಾಡುತ್ತಾರಂತೆ. ಸಂಶಯ ಇರುವ ವಸ್ತುಗಳ ಚಿಕ್ಕ ಚಿಕ್ಕ ತುಂಡನ್ನು ಬೆನ್ನಿಗೆ ಅಂಟಿಸಿ, ಎರಡು ದಿನ ಬಿಟ್ಟು ತೆಗೆದು, ಆ ಜಾಗ ಕೆಂಪಾಗುತ್ತದೋ ಎಂದು ನೋಡುವ ಪರೀಕ್ಷೆ. ಉಡುಪಿಗೆ ಬಳಸುವ ಬಟ್ಟೆಗಳ ತುಂಡು ಬೇಕು ಎಂದಿದ್ದಾರೆ. ಹಳೆಯ ಉಡುಪನ್ನು ಅಮ್ಮ ಎಂದೋ ಯಾರಿಗೋ ಕೊಟ್ಟುಬಿಟ್ಟಿದ್ದಾರೆ, ಹೊಸದಾಗಿ ಹೊಲಿಯುವ ಬಟ್ಟೆಯದ್ದೇ ಕೊಟ್ಟರೆ ಸಾಕು ಎಂದಳು.

ನಾನು ಮೇಜಿನ ಮೇಲೆ ತುಂಡುಗಳನ್ನು ಜೋಡಿಸತೊಡಗಿದೆ. ರೇಷ್ಮೆ, ಬಕ್ರಮ್, ನೂಲು, ಹಿಂದಿನ ಕಾಲದ್ದರಲ್ಲಿ ಉಳಿದಿದ್ದ ತೊಳೆದ ಸಾದಾ ಹತ್ತಿಯ ಚೂರು. ಅಳತೆ ಪುಸ್ತಕ ಪಕ್ಕದಲ್ಲೇ ತೆರೆದಿತ್ತು. ಜಯಂತಿ ನನ್ನ ಕೈಯನ್ನೇ ನೋಡುತ್ತಿದ್ದಳು. ಅವಳು ಅಲೆವೂರಿನವಳು, ಮಾತು ಕಡಿಮೆ, ಕೆಲಸದಲ್ಲಿ ನನಗಿಂತ ಚುರುಕು. ನಮ್ಮ ಕಡೆ ಕ್ರೈಸ್ತ ಹೆಂಗಸರನ್ನು ಕರೆಯುವ ಹಾಗೆ ಅವಳೂ ನನ್ನನ್ನು ಬಾಯಮ್ಮ ಎಂದೇ ಕರೆಯುವುದು.

"ಆ ತುಂಡು ಕೊಡಲೇಬೇಕೆಂದು ಎಂತ ಇಲ್ಲವಲ್ಲ ಬಾಯಮ್ಮ" ಎಂದಳು. "ಹಳೆಯ ಡ್ರೆಸ್ಸೇ ಇಲ್ಲ. ಇನ್ನು ಮುಂದೆ ನಾವು ಒಳ್ಳೆಯದು ಹಾಕಿದರೆ ಆಯಿತು. ಸುದ್ದಿ ಟೀಚರ್ ಕಿವಿಗೆ ಬಿದ್ದರೆ?"

ಅವಳು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಆ ಅಂಗಡಿಯಿಂದ ಎರಡು ಮನೆಗಳ ಒಲೆ ಉರಿಯುತ್ತಿತ್ತು, ಕೋವಿಡ್‌ನ ಎರಡು ವರ್ಷ ನಾವು ಮಾಸ್ಕ್ ಹೊಲಿದು ದಿನ ದೂಡಿದ್ದೆವು. ಪುಸ್ತಕ ಮುಚ್ಚಿ ಮನೆಗೆ ಹೋದೆ. ಅಡುಗೆ ಮಾಡುವಾಗಲೂ ಆ ಹುಡುಗಿ ರಟ್ಟಿನ ಮೇಲೆ ತಲೆ ತಗ್ಗಿಸಿ ಗುರುತು ಹಾಕುತ್ತಿದ್ದದ್ದೇ ಕಣ್ಣ ಮುಂದೆ. ತನ್ನ ಮೈಯನ್ನು ತಾನೇ ಹತ್ತು ವರ್ಷ ಅನುಮಾನಿಸಿದ್ದಳು. ಮರುದಿನ ಬೆಳಿಗ್ಗೆ ಪಿನ್ ಬಿಚ್ಚಿ ಲೈನಿಂಗ್ ತುಂಡನ್ನು ಎರಡು ಭಾಗ ಮಾಡಿದೆ. ಒಂದನ್ನು ಇದ್ದ ಹಾಗೆಯೇ ಇಟ್ಟೆ, ಇನ್ನೊಂದನ್ನು ಬಿಸಿನೀರಿನಲ್ಲಿ ಮೂರು ಸಲ ತೊಳೆದು ಒಣಗಿಸಿದೆ. ಒಟ್ಟು ಆರು ತುಂಡುಗಳಿಗೆ ಆರು ಚೀಟಿ ಅಂಟಿಸಿ, ನಾನೇ ಬಸ್ಸಿನಲ್ಲಿ ಮಣಿಪಾಲಕ್ಕೆ ಹೋಗಿ ವೈದ್ಯೆಯ ಕೈಗೆ ಕೊಟ್ಟೆ. ಯಾವುದು ಎಲ್ಲಿಯದ್ದು ಎಂದು ಒಂದೂ ಬಿಡದೆ ಹೇಳಿದೆ.

ಫಲಿತಾಂಶ ಬರಲು ನಾಲ್ಕು ದಿನ ಹಿಡಿಯಿತು. ತೊಳೆಯದ ಲೈನಿಂಗ್ ಇಟ್ಟ ಜಾಗ ಕೆಂಪಾಗಿ ಉಬ್ಬಿತ್ತು. ತೊಳೆದ ಲೈನಿಂಗ್ ಇಟ್ಟಲ್ಲಿ ತೆಳು ಕೆಂಪು. ಬಕ್ರಮ್ ಇಟ್ಟಲ್ಲೂ ಸ್ವಲ್ಪ ಕೆಂಪು. ಉಳಿದ ಮೂರು ಜಾಗ ಸ್ವಚ್ಛ. ವೈದ್ಯೆ ಬೇರೆಯಾಗಿ ಮಾಡಿದ ಪರೀಕ್ಷೆಯಲ್ಲಿ ಫಾರ್ಮಾಲ್ಡಿಹೈಡ್ ಎಂಬ ರಾಸಾಯನಿಕಕ್ಕೂ ಅವಳ ಚರ್ಮ ಕೆರಳಿತ್ತು. ಬಟ್ಟೆ ಸುಕ್ಕಾಗದಂತೆ, ಕುಗ್ಗದಂತೆ ಮಿಲ್ಲಿನಲ್ಲಿ ಒಂದು ಬಗೆಯ ರಾಳದ ಲೇಪ ಕೊಡುತ್ತಾರೆ, ಬೆವರು ಮತ್ತು ಶಾಖಕ್ಕೆ ಅದರಿಂದ ಈ ರಾಸಾಯನಿಕ ಸ್ವಲ್ಪಸ್ವಲ್ಪವೇ ಹೊರಬರುತ್ತದೆ ಎಂದು ಅವರು ವಿವರಿಸಿದರು. ಎಲ್ಲರಿಗೂ ತೊಂದರೆ ಆಗುವುದಿಲ್ಲ, ಕೆಲವರಿಗೆ ಆಗುತ್ತದೆ. ತೊಳೆದರೆ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ಇವಳಿಗೆ ಲೇಪವೇ ಇಲ್ಲದ ಬಟ್ಟೆ ಬೇಕು, ಅದನ್ನೂ ತೊಳೆದೇ ಹೊಲಿಯಬೇಕು ಎಂದರು.

ಭಾನುವಾರ ಇಗರ್ಜಿಯ ಪೂಜೆ ಮುಗಿಸಿ ನಾನು ಕಾರ್ಕಳದ ಅವಳ ಮನೆಗೆ ಹೋದೆ. ಈ ಮಾತನ್ನು ಫೋನಿನಲ್ಲಿ ಹೇಳುವ ಹಾಗಿರಲಿಲ್ಲ. ನಿರೀಕ್ಷಾಳ ತಾಯಿ ಸುಗಂಧಿಯವರು ಬಾಗಿಲಲ್ಲೇ ನನ್ನ ಗುರುತು ಹಿಡಿದು ಒಳಗೆ ಕರೆದರು. ಕುಡಿಯಲು ಕೊಟ್ಟ ಶರಬತ್ತನ್ನು ಹಾಗೇ ಇಟ್ಟು, ಮೊದಲು ಹೇಳಬೇಕಾದದ್ದನ್ನು ಹೇಳಿದೆ.

"ನಿನ್ನ ಮೈಯಲ್ಲಿ ತಪ್ಪಿರಲಿಲ್ಲ ಮಗಾ. ನಾನು ಒಳಗೆ ಹಾಕಿದ ಬಟ್ಟೆ ಸರಿ ಇರಲಿಲ್ಲ. ಅದನ್ನು ನಾನು ತೊಳೆಯಲೂ ಇಲ್ಲ."

ಸುಗಂಧಿಯವರು ಸೆರಗಿನಿಂದ ಮುಖ ಒರೆಸಿಕೊಂಡರು. ಆ ಕಾರ್ಯಕ್ರಮದ ಹಿಂದಿನ ದಿನ ಮನೆಯಲ್ಲಿ ಸಿಗಡಿ ಸುಕ್ಕ ಮಾಡಿದ್ದರಂತೆ. ಮಗಳಿಗೆ ಅದೇ ನಂಜಾಯಿತು, ತಾನೇ ಬಡಿಸಿದೆ ಎಂದು ಅವರು ಹತ್ತು ವರ್ಷ ಕೊರಗಿದ್ದರು. ಅಂದಿನಿಂದ ಮನೆಗೆ ಸಿಗಡಿ ತಂದೇ ಇಲ್ಲ. "ಹಾಗಾದರೆ ಸಿಗಡಿಯದ್ದು ಎಂತ ತಪ್ಪಿಲ್ಲ, ಅಲ್ವಾ ಬಾಯಮ್ಮ?" ಎಂದು ಕೇಳಿದರು. ಪಾಪ, ನಿಜವಾಗಿಯೇ ಕೇಳಿದ್ದು. ಆದರೆ ಮಗಳಿಗೆ ನಗು ಬಂತು, ಆಮೇಲೆ ಅವರಿಗೂ ಬಂತು.

ಬೇರೆ ಒಳ್ಳೆಯ ಟೈಲರ್ ಹೆಸರು ಹೇಳುತ್ತೇನೆ, ಅವರ ಹತ್ತಿರ ಹೊಲಿಸು ಎಂದೆ. ನಿರೀಕ್ಷಾ ತಲೆ ಅಲ್ಲಾಡಿಸಿದಳು. "ಆ ತುಂಡನ್ನು ನೀವು ಕೊಡದೇ ಇದ್ದಿದ್ದರೆ ನನಗೆ ಗೊತ್ತಾಗ್ತಲೇ ಇರಲಿಲ್ಲ. ನೀವೇ ಹೊಲಿಯಿರಿ ಆಂಟಿ" ಎಂದಳು. ಅಷ್ಟರಲ್ಲಿ ಬೆಚ್ಚಗಾಗಿದ್ದ ಶರಬತ್ತನ್ನು ಆಗ ಕುಡಿದೆ.

ಇನ್ನು ಬಟ್ಟೆ ಹುಡುಕುವ ಕೆಲಸ. ಉಡುಪಿಯಲ್ಲಿ ಮೂರು ಅಂಗಡಿ, ಕಾರ್ಕಳದಲ್ಲಿ ಎರಡು ಅಂಗಡಿ ಸುತ್ತಿದೆ. ಎಲ್ಲೆಲ್ಲೂ ಕುಗ್ಗದ್ದು, ಸುಕ್ಕಾಗದ್ದು, ಹೊಳೆಯುವಂಥದ್ದು. ನನಗೆ ಕುಗ್ಗುವ ಬಟ್ಟೆ ಕೊಡಿ ಎಂದೆ. ಉಡುಪಿಯ ಅಂಗಡಿಯ ಯಜಮಾನರು ಕನ್ನಡಕ ಸರಿಸಿ ನನ್ನನ್ನು ನೋಡಿದರು. ಮೂವತ್ತು ವರ್ಷದಲ್ಲಿ ಹೀಗೆ ಕೇಳಿದವರು ನೀವೇ ಮೊದಲು ಎಂದರು. ಆದರೆ ತಮಾಷೆ ಮಾಡಿ ಕಳಿಸಲಿಲ್ಲ. ಕೈಮಗ್ಗದವರ ಹತ್ತಿರ ಹೋಗಿ, ಅವರು ನೂಲಿಗೆ ಅಕ್ಕಿ ಗಂಜಿ ಬಿಟ್ಟು ಬೇರೇನೂ ಹಾಕುವುದಿಲ್ಲ ಎಂದು ದಾರಿ ತೋರಿಸಿದ್ದೂ ಅವರೇ.

ನೇಕಾರರ ಸಂಘವೊಂದರಲ್ಲಿ ಬಿಳಿ ಸಾದಾ ಹತ್ತಿಯ ಬಟ್ಟೆ ಸಿಕ್ಕಿತು. ಬಣ್ಣವಿಲ್ಲ, ಲೇಪವಿಲ್ಲ. ಅಲ್ಲಿದ್ದ ಹಿರಿಯ ನೇಕಾರರು ಬಟ್ಟೆಯ ಅಂಚನ್ನು ಉಗುರಲ್ಲಿ ಕೆರೆದು ಗಂಜಿಯ ಪುಡಿ ತೋರಿಸಿದರು. ಉಡುಪಿನ ಲೈನಿಂಗಿಗೆ, ಪರೀಕ್ಷೆಗೆ, ಬಕ್ರಮ್ ಬದಲಿಗೆ ಎಂದು ಲೆಕ್ಕ ಹಾಕಿ ಹನ್ನೆರಡು ಮೀಟರ್ ತೆಗೆದುಕೊಂಡೆ.

ತೊಳೆಯಲು ಕಾಪುವಿನ ನಮ್ಮ ಬಾವಿ ನೀರು ಆಗಲಿಲ್ಲ. ಸಮುದ್ರದ ಹತ್ತಿರದ ಬಾವಿ, ನೀರಿನಲ್ಲಿ ತುಸು ಉಪ್ಪು, ಸೋಪು ನೊರೆ ಬರುವುದಿಲ್ಲ, ಬಂದದ್ದು ಹೋಗುವುದೂ ಇಲ್ಲ. ಹಾಗಾಗಿ ಇಡೀ ಕಟ್ಟನ್ನು ಶಿರ್ವದ ತವರುಮನೆಗೆ ಹೊತ್ತುಕೊಂಡು ಹೋದೆ. ಅಲ್ಲಿಯ ಬಾವಿಯದ್ದು ಸಿಹಿನೀರು. ಜಯಂತಿಯೂ ಬಂದಳು. ಮೊದಲು ರಾತ್ರಿಯಿಡೀ ಬರಿ ನೀರಿನಲ್ಲಿ ನೆನೆಸಿ ಗಂಜಿ ಬಿಡಿಸಿದೆವು. ಬೆಳಿಗ್ಗೆ ಸ್ನಾನದ ಹಂಡೆಯಲ್ಲಿ ಕಾಯಿಸಿದ ನೀರಿಗೆ ಎರಡು ಚಮಚ ಸುವಾಸನೆ ಇಲ್ಲದ ಸೋಪಿನ ಪುಡಿ ಹಾಕಿ ತೊಳೆದೆವು. ಆಮೇಲೆ ತೆಗೆದ ನೀರಿನಲ್ಲಿ ಕೈಯಾಡಿಸಿದರೆ ನೊರೆ ಏಳದಷ್ಟು ಸಲ, ಅಂದರೆ ಐದು ಸಲ, ಜಾಲಿಸಿದೆವು. ಹನ್ನೆರಡು ಮೀಟರ್ ಒದ್ದೆ ಹತ್ತಿ ಎಷ್ಟು ಭಾರ ಎಂಬುದು ಎತ್ತಿದವರಿಗೇ ಗೊತ್ತು. ಅಂಗಳದಲ್ಲಿ ಹರವಿದಾಗ ನನ್ನ ಅತ್ತಿಗೆ ಹೊರಗೆ ಬಂದು, ಇಗರ್ಜಿಯ ಆಲ್ತಾರಿಗೆ ಹೊಸ ಪರದೆಯಾ ಎಂದು ಕೇಳಿದಳು. ಒಣಗಿದ ಮೇಲೆ ಅಳೆದೆ. ಹನ್ನೆರಡು ಮೀಟರ್ ಹನ್ನೊಂದೂಕಾಲು ಆಗಿತ್ತು. ಕುಗ್ಗಿದ ಮುಕ್ಕಾಲು ಮೀಟರನ್ನು ನೋಡಿ ನನಗೆ ಆದಷ್ಟು ಸಂತೋಷ ಯಾವ ಟೈಲರಿಗೂ ಆಗಿರಲಿಕ್ಕಿಲ್ಲ.

ರೇಷ್ಮೆ ಆರಿಸಲು ನಿರೀಕ್ಷಾ ನನ್ನ ಜೊತೆ ಉಡುಪಿಗೆ ಬಂದಳು. ಅರಿಶಿನ ಬಣ್ಣದ ಒಡಲು, ಕಡು ಕೆಂಪು ಅಂಚು. ಕೆಂಪು ಬಿಡುತ್ತದೆ ಎಂಬ ಹೆದರಿಕೆ ನನಗೆ. ಮೂಲೆ ಅದ್ದಿ ಒತ್ತಿದಾಗ ಬಿಳಿ ಬಟ್ಟೆಯ ಮೇಲೆ ತೆಳು ಗುಲಾಬಿ ಮೂಡಿತು. ಎರಡನೇ ಸಲ ಇನ್ನೂ ತೆಳು, ಮೂರನೇ ಸಲಕ್ಕೆ ಏನೂ ಇಲ್ಲ. ಒಡಲನ್ನೂ ಅಂಚನ್ನೂ ಬೇರೆ ಬೇರೆ ಹಿಡಿದು, ಕೆಂಪು ನೀರು ಹಳದಿಗೆ ಹರಿಯದಂತೆ ಇಬ್ಬರೂ ಸೇರಿ ತೊಳೆದೆವು.

ಮೊದಲು ಲೈನಿಂಗ್ ಬಟ್ಟೆಯಲ್ಲಿ ಮಾತ್ರ ಇಡೀ ಉಡುಪಿನ ಒಳಭಾಗ ಹೊಲಿದೆ. ಅದನ್ನು ಅವಳು ಮನೆಯಲ್ಲಿ ಹಾಕಿ, ದಿನಕ್ಕೆ ಎರಡು ಗಂಟೆಯಂತೆ ಎರಡು ದಿನ ಬೆವರುವ ತನಕ ಅಭ್ಯಾಸ ಮಾಡಿದಳು. ನಾಲ್ಕು ದಿನ ಕಾದೆವು. ಏನೂ ಆಗಲಿಲ್ಲ. ಆಮೇಲೆಯೇ ಅದರ ಮೇಲೆ ರೇಷ್ಮೆ ಕೂರಿಸಿದ್ದು. ಬಕ್ರಮ್ ಬಿಟ್ಟು, ಅದೇ ಹತ್ತಿಯ ಮೂರು ಪದರ ಇಟ್ಟು ಒತ್ತೊತ್ತಾಗಿ ಹೊಲಿಗೆ ಹಾಕಿ ಸೊಂಟದ ಪಟ್ಟಿಯನ್ನು ಗಟ್ಟಿ ಮಾಡಿದೆ. ರಬ್ಬರಿನ ಇಲಾಸ್ಟಿಕ್ ಬದಲು ಲಾಡಿ ಹಾಕಿದೆ. ಅಂಗಡಿಯಲ್ಲಿ ಉಳಿದಿದ್ದ ಹಳೆಯ ಲೈನಿಂಗ್ ಥಾನನ್ನು ಜಯಂತಿ ತಾನಾಗಿಯೇ ಇಳಿಸಿ, ಹೊಲಿಗೆ ಯಂತ್ರಗಳಿಗೆ ಮುಸುಕು ಮಾಡಿದಳು.

ಜನವರಿಯ ಒಂದು ಶನಿವಾರ ಸಂಜೆ ರಂಗಪ್ರವೇಶ. ನಾನು ಮೂರನೇ ಸಾಲಿನಲ್ಲಿ ಕುಳಿತಿದ್ದೆ. ಕುಣಿತದ ತಾಳ, ಭಾವ ನನಗೆ ಅಷ್ಟಾಗಿ ತಿಳಿಯದು. ನಾನು ನೋಡುತ್ತಿದ್ದದ್ದು ಅವಳ ಕೈ ಎಲ್ಲಾದರೂ ಸೊಂಟದ ಕಡೆಗೆ ಹೋಗುತ್ತದೋ ಎಂದು. ಮೊಣಕಾಲು ಮಡಚಿ ಅರ್ಧಮಂಡಲಿಯಲ್ಲಿ ಕುಳಿತಾಗ ಫ್ಯಾನ್ ಪೂರ್ತಿ ಬಿಚ್ಚಿತು, ಎದ್ದಾಗ ನೆರಿಗೆ ಒಂದರ ಮೇಲೊಂದು ಕೂಡಿತು. ವರ್ಣ ಎಂಬ ದೀರ್ಘ ನೃತ್ಯವೊಂದೇ ನಲವತ್ತು ನಿಮಿಷ. ಬೆವರು ಕತ್ತಿನಿಂದ ಹರಿಯುವುದು ಮೂರನೇ ಸಾಲಿಗೂ ಕಾಣುತ್ತಿತ್ತು. ಅವಳು ನಗುತ್ತಲೇ ಇದ್ದಳು. ಒಂದು ಗಂಟೆ ಐವತ್ತು ನಿಮಿಷ ಕುಣಿದು ಮುಗಿಸಿದಳು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ವಸಂತಿ ಟೀಚರ್ ಕಣ್ಣೊರೆಸಿಕೊಂಡರು. ನಾನು ಪೂರ್ತಿ ಉಸಿರು ಬಿಡಲಿಲ್ಲ. ಈ ಬಗೆಯ ಅಲರ್ಜಿ ಆ ಹೊತ್ತಿಗೆ ಕಾಣದೆ, ಒಂದೆರಡು ದಿನ ಬಿಟ್ಟು ಏಳುತ್ತದೆ ಎಂದು ವೈದ್ಯೆ ಹೇಳಿದ್ದರು. ನನ್ನ ಕೆಲಸದ ಫಲಿತಾಂಶ ಬರುವುದು ಮಂಗಳವಾರ.

ಮಂಗಳವಾರ ಮಧ್ಯಾಹ್ನ ನಿರೀಕ್ಷಾ ಡ್ಯೂಟಿಯ ನಡುವೆ ಫೋನು ಮಾಡಿದಳು. ಏನೂ ಇಲ್ಲ ಆಂಟಿ, ಒಂದು ಚುಕ್ಕೆಯೂ ಇಲ್ಲ ಎಂದಳು. ನಾನು ಜಯಂತಿಗೆ ಹೇಳಿದೆ. ಅವಳು ಯಂತ್ರ ನಿಲ್ಲಿಸಿ, ಎದ್ದು ಹೋಗಿ ಇಬ್ಬರಿಗೂ ಚಹಾ ತಂದಳು.

ಆ ಹತ್ತು ವರ್ಷಗಳಲ್ಲಿ ಇನ್ನೂ ಯಾರಿಗಾದರೂ ಹಾಗೆ ಆಗಿತ್ತೋ ನನಗೆ ತಿಳಿಯದು. ಟೀಚರ್ ಅವರಿಗೆ ವಿಷಯವನ್ನು ನಾನೇ ಹೇಳಿದೆ. ಅವರು ಹಳೆಯ ವಿದ್ಯಾರ್ಥಿನಿಯರನ್ನು ಕೇಳಿ ನೋಡುತ್ತೇನೆ ಎಂದರು. ಒಬ್ಬಳು ಬಂದಳು, ಸೊಂಟದಲ್ಲಿ ಸಣ್ಣ ತುರಿಕೆ ಇತ್ತು, ಸೆಕೆಯದ್ದೆಂದು ಸುಮ್ಮನಿದ್ದೆ ಎಂದಳು. ಅವಳ ಉಡುಪಿನ ಒಳಬಟ್ಟೆಯನ್ನು ಪೂರ್ತಿ ಬಿಚ್ಚಿ ಬೇರೆ ಹಾಕಿಕೊಟ್ಟೆ. ಅಲ್ಲಿಂದ ಮುಂದೆ ಅಂಗಡಿಗೆ ಬಂದವರ ಅಳತೆ ತೆಗೆಯುವ ಮೊದಲು, ಯಾವ ಬಟ್ಟೆಗೆ ಮೈ ತುರಿಸುತ್ತದೆ ಎಂದು ಕೇಳುವುದು ನಮ್ಮಲ್ಲಿ ಪದ್ಧತಿಯಾಯಿತು. ಜಯಂತಿ ಈಗಲೂ ಕೇಳುತ್ತಾಳೆ.

ಕಲಿಯಲು ಬರುವ ಹೆಣ್ಣುಮಕ್ಕಳು ಒಳ್ಳೆಯ ರೇಷ್ಮೆ ಆರಿಸುವುದು ಹೇಗೆ ಎಂದು ನನ್ನನ್ನು ಕೇಳುತ್ತಾರೆ. ಹೇಳಿಕೊಡುತ್ತೇನೆ, ಅದೇನು ಕಷ್ಟವಲ್ಲ. ಅದಕ್ಕಿಂತ ಮೊದಲು ಇನ್ನೊಂದು ಮಾತು ಹೇಳುತ್ತೇನೆ. ರೇಷ್ಮೆಯನ್ನು ನೋಡುವುದು ಸಭೆಯಲ್ಲಿ ಕುಳಿತವರು, ಎರಡು ಗಂಟೆ ನೋಡಿ ಅವರು ಮನೆಗೆ ಹೋಗುತ್ತಾರೆ. ಒಳಗಿನ ಬಟ್ಟೆ ಗೊತ್ತಿರುವುದು ಕುಣಿಯುವವಳೊಬ್ಬಳಿಗೇ. ಹೊಲಿಯಲು ಕೊಟ್ಟವಳು ಅವಳು, ಆದ್ದರಿಂದ ಮೊದಲು ತೊಳೆಯಬೇಕಾದದ್ದು ಅವಳ ಮೈಗೆ ತಾಗುವ ಬಟ್ಟೆಯನ್ನು.